ನೋಟೀಸು ಅಚ್ಚಿಗೆ ಹೋಗುವ ಮೊದಲು

ವೇದಿಕೆಯಲ್ಲಿರುವ ಹಿರಿಯರೇ, ಸಮಿತಿಯ ಗೆಳೆಯರೇ, ಮುಂದೆ ಚಾಪೆಯಲ್ಲಿ ಕೂತಿರುವ ಮಕ್ಕಳೇ,

ನನಗೆ ಕೊಟ್ಟ ವಿಷಯ ‘ಯುವಜನರು ಮತ್ತು ಕ್ರೀಡೆ’. ಅದು ದೊಡ್ಡ ವಿಷಯ. ಅದರೊಳಗಿನ ಒಂದೇ ಒಂದು ಮಾತು ಹೇಳುತ್ತೇನೆ. ಒಳಗೆ ಬರುವಾಗ ಕಾರ್ಯದರ್ಶಿಗಳು ಮುಂದಿನ ತಿಂಗಳ ಕಬಡ್ಡಿ ಪಂದ್ಯಾಟದ ನೋಟೀಸಿನ ಕರಡು ತೋರಿಸಿದರು. ಹದಿನೆಂಟರೊಳಗಿನ ಹುಡುಗರಿಗೆ, 55 ಕೆ.ಜಿ. ವಿಭಾಗ. ಪ್ರಥಮ 15,000 ರೂಪಾಯಿ ನಗದು ಮತ್ತು ಶಾಶ್ವತ ಫಲಕ. ದ್ವಿತೀಯ 10,000. ಮೂರು, ನಾಲ್ಕನೆಯವರಿಗೆ ಐದೈದು ಸಾವಿರ. ಫಲಕ ಇರಲಿ. ನಗದು ಬೇಡ. ಸೋಮವಾರ ಇದು ಅಚ್ಚಿಗೆ ಹೋಗುತ್ತದಂತೆ, ಅದಕ್ಕೇ ಇವತ್ತೇ ಹೇಳಬೇಕು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನೀರ್ಚಾಲಿನ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ಪಂದ್ಯಾಟ ಇತ್ತು. ಬಹುಮಾನ ಒಂದು ಬಾಳೆಗೊನೆ. ನೇಂದ್ರ ಅಲ್ಲ, ಕದಳಿ. ಗೆದ್ದವರು ನಾವು. ಗೊನೆಯನ್ನು ಒಂದು ಬಡಿಗೆಗೆ ಕಟ್ಟಿ ಇಬ್ಬರು ಹೊತ್ತೆವು. ಸೋತವರೂ ಅದೇ ದಾರಿಯಲ್ಲಿ ಹೋಗಬೇಕು. ಅವರ ರೈಟ್ ಕಾರ್ನರ್ ಆಡಿದ ಹುಡುಗ ನನ್ನನ್ನು ಎರಡು ಸಲ ಹಿಡಿದು ಕೆಡವಿದ್ದ. ನನ್ನ ಮೊಣಕಾಲಿನಿಂದ ಇನ್ನೂ ರಕ್ತ ಬರುತ್ತಿತ್ತು. ಅವನೇ ಹತ್ತಿರ ಬಂದು, “ಭಾರ ಉಂಟಾ? ಕೊಡು ಮಾರಾಯ” ಅಂತ ಹೆಗಲು ಕೊಟ್ಟ. ಗುಡ್ಡೆ ಹತ್ತಿ ಮರದ ಬುಡದಲ್ಲಿ ಎರಡೂ ತಂಡ ಕೂತೆವು. ಹಣ್ಣು ಅರ್ಧ ಕಾಯಿ ಅರ್ಧ. ಯಾರಿಗೂ ಅದರ ಚಿಂತೆ ಇರಲಿಲ್ಲ. ಮನೆಗೆ ತಲುಪಿದ್ದು ಗೊನೆಯ ದಂಟು ಮಾತ್ರ. ಅಮ್ಮ ಅದನ್ನು ದನಕ್ಕೆ ಹಾಕಿದರು. ಆ ಹುಡುಗನ ಮಗಳ ಮದುವೆಯಲ್ಲಿ ಪಾಯಸ ಬಡಿಸಿದ್ದು ನಾನೇ.

ಗೊನೆಯ ಕತೆ ಉದ್ದವಾಯಿತು ಅಂತ ಗೊತ್ತು. ಆದರೆ ಇದರ ಜೊತೆಗೆ ಇನ್ನೊಂದನ್ನು ಇಟ್ಟು ನೋಡಬೇಕು. ಎಷ್ಟೋ ವರ್ಷದ ಮೇಲೆ ನಾನು ಒಂದು ಹುಡುಗರ ತಂಡಕ್ಕೆ ಆಟ ಹೇಳಿಕೊಡುತ್ತಿದ್ದೆ. ಒಂದು ಪಂದ್ಯಾಟದಲ್ಲಿ 5,000 ರೂಪಾಯಿ ನಗದು ಇತ್ತು. ಹಿಂದಿನ ರಾತ್ರಿ ದೊಡ್ಡವರು ಹೊರಗಿನಿಂದ ಇಬ್ಬರು ಗೆಸ್ಟ್ ಆಟಗಾರರನ್ನು ಕರೆತಂದರು. ವರ್ಷವಿಡೀ ಸಂಜೆ ತಪ್ಪದೆ ಬರುತ್ತಿದ್ದ ಇಬ್ಬರು ಹುಡುಗರು ಗೆರೆಯ ಹೊರಗೆ ಕೂತರು. ನಾವು ಗೆದ್ದೆವು. ಗೆಸ್ಟ್‌ಗಳು 3,000 ತೆಗೆದುಕೊಂಡು ಹೋದರು. ಉಳಿದದ್ದಕ್ಕೆ ಜಗಳ. ಆ ಇಬ್ಬರು ಹುಡುಗರು ಮತ್ತೆ ಅಂಗಳಕ್ಕೆ ಬರಲಿಲ್ಲ. ಆ ದಿನ ನಾನು ಸುಮ್ನೆ ನಿಂತಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

55 ಕೆ.ಜಿ. ವಿಭಾಗ ಅಂದರೆ ಅದಕ್ಕಿಂತ ಭಾರ ಇದ್ದವನು ಆಡುವಂತಿಲ್ಲ. ತೂಕ ಮಾಡುವ ಬೆಳಿಗ್ಗೆ ಏನಾಗುತ್ತದೆ ಅಂತ ಇಲ್ಲಿನ ತಾಯಂದಿರಿಗೆ ಗೊತ್ತಿರಬೇಕು. ಹಿಂದಿನ ದಿನದಿಂದ ಹುಡುಗ ಊಟ ಬಿಡುತ್ತಾನೆ, ನೀರೂ ಕುಡಿಯುವುದಿಲ್ಲ. ಬಿಸಿಲಿಗೆ ಓಡುತ್ತಾನೆ. ಬೆಳೆಯುವ ಮೈ ಅದು. ಗೊನೆಗೋಸ್ಕರ ಯಾರೂ ಹಸಿದು ಕೂರುತ್ತಿರಲಿಲ್ಲ.

“ಬಡವರ ಮಕ್ಕಳು ಮಾಷ್ಟ್ರೇ, ನಾಲ್ಕು ಕಾಸು ಸಿಗಲಿ” ಅನ್ನುತ್ತೀರಿ. ಸರಿ, ಲೆಕ್ಕ ಮಾಡೋಣ. 16 ತಂಡ ಬಂದರೆ, ತಂಡಕ್ಕೆ 12 ಜನರಂತೆ 192 ಮಕ್ಕಳು. ನಾಕೌಟ್‌ನಲ್ಲಿ ಮೊದಲ ಸುತ್ತಿಗೇ ಎಂಟು ತಂಡ ಔಟ್. 96 ಮಕ್ಕಳು ಒಂದೇ ಪಂದ್ಯ ಆಡಿ ಬಸ್ ಹತ್ತುತ್ತಾರೆ. ಅವರೂ ಬಡವರೇ ಅಲ್ವಾ? ಪ್ರವೇಶ ಶುಲ್ಕ ತಂಡಕ್ಕೆ 600. ಅಂದರೆ 9,600 ರೂಪಾಯಿ. ಸೋತ ಮಕ್ಕಳ ಕಿಸೆಯ ದುಡ್ಡೂ ಗೆದ್ದವರ ಲಕೋಟೆ ಸೇರುತ್ತದೆ. ಬಹುಮಾನದ ಒಟ್ಟು 35,000ವನ್ನು 16 ತಂಡಕ್ಕೆ ಹಂಚಿ ನೋಡಿ. ಪ್ರತಿ ತಂಡಕ್ಕೆ ಎರಡು ಸಾವಿರಕ್ಕಿಂತ ಜಾಸ್ತಿ. ಬಾಯಾರಿನಿಂದಲೋ ಮುಳ್ಳೇರಿಯದಿಂದಲೋ ಬರುವ ಮಕ್ಕಳ ಜೀಪಿನ ಬಾಡಿಗೆಗೂ ಮಧ್ಯಾಹ್ನದ ಊಟಕ್ಕೂ ಅದು ಆಗುತ್ತದೆ.

ದುಡ್ಡು ಮುಟ್ಟಿದರೆ ಮೈಲಿಗೆ ಅನ್ನುವವನು ನಾನಲ್ಲ. ಅಮೆರಿಕದ ಜಿಮ್ ಥಾರ್ಪ್ 1912ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. ಮೊದಲು ಬೇಸ್‌ಬಾಲ್ ಆಡಿ ಸ್ವಲ್ಪ ಹಣ ಪಡೆದಿದ್ದರು ಅಂತ ಅವರ ಪದಕ ಕಿತ್ತುಕೊಂಡರು. ಅದು ಅನ್ಯಾಯ. 1983ರಲ್ಲಿ ಪದಕದ ಪ್ರತಿ ಮನೆಯವರ ಕೈ ಸೇರುವಾಗ ಥಾರ್ಪ್ ಸತ್ತು ಸುಮಾರು ಮೂವತ್ತು ವರ್ಷವಾಗಿತ್ತು. ದೊಡ್ಡವರು ಆಡಿ ದುಡಿಯಲಿ. 2014ರಿಂದ ಆಟಗಾರರಿಗೆ ಹಣ ಕೊಟ್ಟು ಆಡಿಸುವ ಪ್ರೊ ಕಬಡ್ಡಿ ಇದೆ. ನಮ್ಮ ಕುಂಬಳೆಯ ಜಗದೀಶ್ ಅಲ್ಲಿ ತೆಲುಗು ಟೈಟನ್ಸ್ ತಂಡಕ್ಕೆ ಕೋಚ್ ಆದಾಗ ಈ ಊರೆಲ್ಲ ಹಿಗ್ಗಿತು. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದ ಮಕ್ಕಳಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ ಕೊಡುತ್ತಾರೆ. ಅದು ಕಲಿಯುವುದಕ್ಕೆ ಕೊಡುವ ಹಣ. ಒಂದು ರಾತ್ರಿಯ ಫೈನಲ್ ಗೆದ್ದದ್ದಕ್ಕಲ್ಲ.

ಚೀಟಿ ಬಂತು. ತಾಳಮದ್ದಳೆಗೆ ಹೊತ್ತಾಯಿತಂತೆ. ಹುಡುಗಿಯರ ತಂಡದ ಬಗ್ಗೆ, ವಯಸ್ಸಿನ ದಾಖಲೆಯ ಬಗ್ಗೆ ಹೇಳಬೇಕೆಂದಿದ್ದೆ. ಅದು ಇನ್ನೊಮ್ಮೆ.

ಒಂದೇ ವಿನಂತಿ. ನಗದು ಬಿಟ್ಟು, ನಾಲ್ಕು ತಂಡದ ನಾಲ್ಕು ಗುಂಪು ಮಾಡಿ, ಗುಂಪಿನೊಳಗೆ ಎಲ್ಲರೂ ಎಲ್ಲರ ಜೊತೆ ಆಡುವ ಲೀಗ್ ಆಡಿಸಿ. ಪ್ರತಿ ತಂಡಕ್ಕೂ ಕನಿಷ್ಠ ಮೂರು ಪಂದ್ಯ ಸಿಗುತ್ತದೆ. ಸೆಮಿಫೈನಲ್, ಫೈನಲ್ ಸೇರಿ ಒಟ್ಟು 27 ಪಂದ್ಯ, ಎರಡು ದಿನ ಬೇಕು. ಶನಿವಾರ ರಾತ್ರಿ ದೂರದ ಮಕ್ಕಳು ನಮ್ಮ ಮನೆಗಳಲ್ಲಿ ಮಲಗಲಿ. ನಮ್ಮಲ್ಲಿ ಹನ್ನೆರಡು ಜನಕ್ಕೆ ಜಾಗ ಇದೆ. ಇನ್ನು ಹತ್ತು ಮನೆಯವರು ಇವತ್ತು ಹೋಗುವ ಮೊದಲು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿದರೆ ಸಾಕು.

ಭಾಗವತರು ಕಾಯುತ್ತಿದ್ದಾರೆ. ನಮಸ್ಕಾರ.