ಸೊಳ್ಳೆಗೆ ಮಲೇರಿಯಾ ಕೊಡುವವರು ನಾವೇ

ಕೇಳುಗರಿಗೆ ನಮಸ್ಕಾರ. ಸೊಳ್ಳೆ ಕಚ್ಚಿದರೆ ಮಲೇರಿಯಾ ಬರುತ್ತದೆ, ಇದು ಮಕ್ಕಳಿಗೂ ಗೊತ್ತು. ಆ ಸೊಳ್ಳೆಗೆ ಅದು ಎಲ್ಲಿಂದ ಬಂತು? ನಮ್ಮಿಂದಲೇ ಅಲ್ವಾ! ಅನಾಫಿಲಿಸ್ ಸೊಳ್ಳೆ ಹುಟ್ಟುವಾಗಲೇ ರೋಗ ಹೊತ್ತುಕೊಂಡು ಬರುವುದಿಲ್ಲ.

ಹಾಗಂತ ಮಲೇರಿಯಾ ಇದ್ದವರನ್ನು ಕಚ್ಚಿದ ಸೊಳ್ಳೆಗೆಲ್ಲ ಸೋಂಕು ತಗಲುವುದೂ ಇಲ್ಲ. ನಮಗೆ ಚಳಿಜ್ವರ ತರುವ ರೋಗಾಣು ಒಂದು ರೂಪದ್ದು, ಸೊಳ್ಳೆಗೆ ದಾಟುವುದು ಇನ್ನೊಂದು ರೂಪ. ಅದಕ್ಕೆ ಗ್ಯಾಮಿಟೊಸೈಟ್ ಅನ್ನುತ್ತಾರೆ. ಅದರಲ್ಲಿ ಗಂಡು, ಹೆಣ್ಣು ಅಂತ ಬೇರೆ ಬೇರೆ ಇವೆ. ಸೊಳ್ಳೆ ಒಂದು ಸಲಕ್ಕೆ ಹೀರುವುದು ಎರಡೋ ಮೂರೋ ಮೈಕ್ರೊಲೀಟರ್ ರಕ್ತ, ಅಷ್ಟರಲ್ಲೇ ಎರಡೂ ಸಿಗಬೇಕು. ಸೊಳ್ಳೆಯ ಹೊಟ್ಟೆಯಲ್ಲಿ ರಕ್ತ ತಣ್ಣಗಾದದ್ದೇ ತಡ, ಕಾಲು ಗಂಟೆಯೊಳಗೆ ಒಂದು ಗಂಡಿನಿಂದ ಎಂಟು ಎಳೆಗಳು ಬಾಲ ಬಡಿಯುತ್ತ ಹೊರಬಂದು ಹೆಣ್ಣನ್ನು ಹುಡುಕುತ್ತವೆ.

ಫಾಲ್ಸಿಪಾರಮ್ ಅನ್ನುವ ಬಗೆಯ ಮಲೇರಿಯಾದಲ್ಲಿ ಈ ರೂಪ ಎಲುಬಿನ ಮಜ್ಜೆಯಲ್ಲಿ ಅಡಗಿ ಬೆಳೆಯುತ್ತದೆ. ಹತ್ತು ಹನ್ನೆರಡು ದಿನ ಕಳೆದ ಮೇಲೆ ರಕ್ತಕ್ಕೆ ಬರುತ್ತದೆ. ಲ್ಯಾಬಿನ ಸ್ಲೈಡ್ ಮೇಲೆ ನೋಡಿದರೆ ಬಾಳೆಹಣ್ಣಿನ ಹಾಗೆ ಬಾಗಿರುತ್ತದೆ. ಜ್ವರ ಇಳಿದ ಮೇಲೂ ಕೆಲವು ವಾರ ಇರಬಹುದು. ವೈವಾಕ್ಸ್ ಅನ್ನುವ ಇನ್ನೊಂದು ಬಗೆಯಲ್ಲಿ ಉಲ್ಟಾ, ಜ್ವರ ಬರುವ ಮೊದಲೇ ಸೊಳ್ಳೆಗೆ ದಾಟಿಬಿಟ್ಟಿರಬಹುದು. ಇನ್ನು ಕೆಲವರಿಗೆ ರಕ್ತದಲ್ಲಿ ರೋಗಾಣು ಇದ್ದೂ ಜ್ವರವೇ ಇರುವುದಿಲ್ಲ, ಆರಾಮಾಗಿ ಓಡಾಡಿಕೊಂಡಿರುತ್ತಾರೆ.

ಆಗಸ್ಟ್ ಒಂದಕ್ಕೆ ಮೀನುಗಾರಿಕೆ ಶುರುವಾದರೆ ನಮ್ಮ ಕಾರವಾರದ ಬೈತಕೋಲ ಬಂದರಿಗೆ ಬೇರೆ ರಾಜ್ಯಗಳಿಂದಲೂ ಜನ ಕೆಲಸಕ್ಕೆ ಬರುತ್ತಾರೆ, ರಾತ್ರಿ ಬೋಟಿನ ಮೇಲೇ ಮಲಗುತ್ತಾರೆ. ರೋಗ ತಂದವರು ಅವರೇ ಅಂತ ಸುಮ್ನೆ ಬೈಯುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ, ಬಳಸದ ಬಾವಿಯಲ್ಲಿ ಸೊಳ್ಳೆ ಸಾಕಿದವರು ನಾವಲ್ವಾ? ಆ ಸೊಳ್ಳೆಯೂ ರಕ್ತ ಕುಡಿದ ಮೇಲೆ ಹತ್ತು ಹದಿನಾಲ್ಕು ದಿನ ಬದುಕಿದರೆ ಮಾತ್ರ ರೋಗ ಹರಡಬಲ್ಲದು. ಮಳೆಗಾಲದ ನಮ್ಮ ತೇವದ ಹವೆಯಲ್ಲಿ ಅದಕ್ಕೇನೂ ಕಷ್ಟವಿಲ್ಲ.

ಈಗ ಮಾತ್ರೆಯ ವಿಷಯ. ಮಲೇರಿಯಾ ಜ್ವರ ಇಳಿಸುವ ಮಾತ್ರೆ ಫಾಲ್ಸಿಪಾರಮ್‌ನ ಬಲಿತ ಗ್ಯಾಮಿಟೊಸೈಟ್‌ಗಳನ್ನು ಪೂರ್ತಿ ಕೊಲ್ಲುವುದಿಲ್ಲ. ಅದಕ್ಕೇ ಜೊತೆಗೆ ಪ್ರೈಮಾಕ್ವಿನ್ ಒಂದು ಸಲ ಕೊಡುತ್ತಾರೆ. ವೈವಾಕ್ಸ್‌ಗೆ ಅದೇ ಮಾತ್ರೆ ಹದಿನಾಲ್ಕು ದಿನ, ಅದು ಲಿವರ್‌ನಲ್ಲಿ ಅಡಗಿದ ರೋಗಾಣುವಿಗೆ. ಮೂರನೇ ದಿನಕ್ಕೆ ಮೈ ಹಗುರಾಯಿತು ಅಂತ ಬಿಟ್ಟು ಬಲೆ ಎಳೆಯಲು ಹೋಗುವವರೇ ಜಾಸ್ತಿ. ಬಿಡಬೇಡಿ. ಆದರೆ ಅಂಗಡಿಯಿಂದ ನೀವೇ ತಂದು ನುಂಗಲೂ ಬೇಡಿ. ಗರ್ಭಿಣಿಯರಿಗೆ, ಎಳೆ ಮಕ್ಕಳಿಗೆ ಇದು ಆಗದು. ನುಂಗಿದ ಮೇಲೆ ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ.