ಲೋಪೆಜ್ ಭೂಶಿರದ ಐದು ದಿನಗಳು

ಎಲ್ಲರಿಗೂ ನಮಸ್ಕಾರ. ಬ್ರಿಟಿಷ್ ನೌಕಾಪಡೆಯ ‘ಸ್ವಾಲೋ’ 50 ಫಿರಂಗಿಗಳ ಹಾಯಿಹಡಗು. ಅದು ಎಷ್ಟೋ ವರ್ಷ ಕಡಲಲ್ಲಿದ್ದರೂ ಜನ ನೆನಪಿಟ್ಟುಕೊಂಡಿರುವುದು 1722ರ ಫೆಬ್ರುವರಿಯ ಐದು ದಿನಗಳನ್ನು ಮಾತ್ರ. ನಾನೂ ಅಲ್ಲಿಯೇ ನಿಲ್ಲುತ್ತೇನೆ.

ಕಡಲ್ಗಳ್ಳರನ್ನು ಹಿಡಿಯಲು 1721ರಲ್ಲಿ ‘ಸ್ವಾಲೋ’ ಮತ್ತು ‘ವೇಮತ್’ ಪಶ್ಚಿಮ ಆಫ್ರಿಕಾಕ್ಕೆ ಹೊರಟವು. ಅವರಿಗೆ ಮೊದಲು ಎದುರಾದದ್ದು ಜ್ವರ. ‘ಸ್ವಾಲೋ’ದ ವೈದ್ಯ ಜಾನ್ ಆಟ್ಕಿನ್ಸ್ ಬರೆದಿಟ್ಟ ಒಂದು ಲೆಕ್ಕ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ‘ವೇಮತ್’ ಇಂಗ್ಲೆಂಡಿನಿಂದ ಹೊರಟಾಗ ಅದರಲ್ಲಿದ್ದವರು 240 ಮಂದಿ. ಯಾನ ಮುಗಿದಾಗ ಅದರ ಪುಸ್ತಕದಲ್ಲಿ ಸತ್ತವರೆಂದು ಬರೆದಿದ್ದ ಹೆಸರುಗಳು 280. ಸತ್ತವರ ಜಾಗಕ್ಕೆ ಬಂದವರೂ ಸತ್ತರು.

ಇವರು ಹುಡುಕುತ್ತಿದ್ದವನು ವೇಲ್ಸ್‌ನ ಬಾರ್ಥಲೊಮ್ಯೂ ರಾಬರ್ಟ್ಸ್. ನಾನೂರು ಹಡಗುಗಳನ್ನು ದೋಚಿದವನೆಂದು ಅವನ ಹೆಸರು. ಫೆಬ್ರುವರಿ 5ರಂದು ಇಂದಿನ ಗಬಾನ್ ದೇಶದ ಲೋಪೆಜ್ ಭೂಶಿರದಲ್ಲಿ ಅವನ ಮೂರು ಹಡಗುಗಳು ಲಂಗರು ಹಾಕಿ ನಿಂತಿದ್ದವು. ಅವುಗಳತ್ತ ಸಾಗುತ್ತಿದ್ದ ‘ಸ್ವಾಲೋ’ ನಡುವೆ ಸಿಕ್ಕ ಮರಳುದಿಣ್ಣೆಯನ್ನು ತಪ್ಪಿಸಲು ಪಕ್ಕಕ್ಕೆ ತಿರುಗಿತು. ಯಾವುದೋ ವ್ಯಾಪಾರಿ ಹಡಗು ಹೆದರಿ ಓಡುತ್ತಿದೆ ಎಂದುಕೊಂಡರು ಕಳ್ಳರು. ಅವರ ಮೂರು ಹಡಗುಗಳಲ್ಲಿ ಒಂದಾದ ‘ರೇಂಜರ್’ ಬೆನ್ನಟ್ಟಿತು.

‘ಸ್ವಾಲೋ’ದ ಕಪ್ತಾನ ಚಲೋನರ್ ಓಗಲ್‌ನ ಜಾಣ್ಮೆ ಕಾಣುವುದು ಇಲ್ಲಿ. ಅವನು ಆ ತಪ್ಪು ಎಣಿಕೆಯನ್ನು ಹಾಗೇ ಬೆಳೆಯಲು ಬಿಟ್ಟ. ಓಡುವವನಂತೆ ನಟಿಸುತ್ತ, ಬೇಕೆಂದೇ ನಿಧಾನವಾಗುತ್ತ, ಫಿರಂಗಿಯ ಸದ್ದು ರಾಬರ್ಟ್ಸ್‌ಗೆ ಕೇಳದಷ್ಟು ದೂರಕ್ಕೆ ‘ರೇಂಜರ್’ಅನ್ನು ಎಳೆದೊಯ್ದ. ಆಮೇಲೆ ಫಿರಂಗಿಗಳ ಬಾಯಿ ತೆರೆದವು. ‘ರೇಂಜರ್’ ಶರಣಾಯಿತು.

10ರಂದು ‘ಸ್ವಾಲೋ’ ಮರಳಿತು. ಹಿಂದಿನ ದಿನವಷ್ಟೇ ಒಂದು ಹಡಗು ದೋಚಿದ್ದ ಕಳ್ಳರಲ್ಲಿ ಹಲವರು ಕುಡಿದ ಮತ್ತಿನಲ್ಲಿದ್ದರು. ಹಿಂದೆ ‘ಸ್ವಾಲೋ’ದಿಂದ ತಪ್ಪಿಸಿಕೊಂಡು ಬಂದಿದ್ದ ಒಬ್ಬ ನಾವಿಕ ಅದನ್ನು ಗುರುತಿಸಿದನಂತೆ. ರಾಬರ್ಟ್ಸ್ ತನ್ನ ‘ರಾಯಲ್ ಫಾರ್ಚೂನ್’ಅನ್ನು ‘ಸ್ವಾಲೋ’ದ ಪಕ್ಕದಲ್ಲೇ ನುಗ್ಗಿಸಿ ಪಾರಾಗಲು ನೋಡಿದ. ಚೂರುಗುಂಡು ಅವನ ಗಂಟಲಿಗೆ ಬಡಿಯಿತು. ಅವನೇ ಕೇಳಿಕೊಂಡಿದ್ದಂತೆ, ತೊಟ್ಟ ಉಡುಪು ಆಭರಣಗಳ ಸಮೇತ ಸಂಗಡಿಗರು ಶವವನ್ನು ಕಡಲಿಗೆ ಹಾಕಿದರು. ಹಾಯಿಕಂಬ ಮುರಿದ ಮೇಲೆ ಅವರೂ ಶರಣಾದರು.

ಸೆರೆಸಿಕ್ಕವರು 272. ಓಗಲ್‌ಗೆ 1723ರಲ್ಲಿ ‘ಸರ್’ ಪದವಿ ಬಂತು. ಇಂದಿನ ಘಾನಾದಲ್ಲಿರುವ ಕೇಪ್ ಕೋಸ್ಟ್ ಕೋಟೆಯಲ್ಲಿ ವಿಚಾರಣೆ ನಡೆದು 52 ಮಂದಿಯನ್ನು ಗಲ್ಲಿಗೇರಿಸಿದರು. ಕಳ್ಳರು ತಮ್ಮನ್ನು ಬಲವಂತವಾಗಿ ಸೇರಿಸಿಕೊಂಡರು ಎಂದು ತೋರಿಸಿಕೊಟ್ಟ ಹಲವು ಬಿಳಿಯರು ಬಿಡುಗಡೆಯಾದರು. ಆ ನ್ಯಾಯವನ್ನು ನಾನು ಮೆಚ್ಚುತ್ತೇನೆ.

ಆದರೆ ಸೆರೆಸಿಕ್ಕವರಲ್ಲಿ ಅರವತ್ತಕ್ಕೂ ಹೆಚ್ಚು ಆಫ್ರಿಕನ್ನರಿದ್ದರು. ನೀವು ಒಪ್ಪಿ ಬಂದಿರಾ, ಬಲವಂತಕ್ಕೆ ಬಂದಿರಾ ಎಂಬ ಪ್ರಶ್ನೆ ಅವರ ಪಾಲಿಗೆ ಬರಲೇ ಇಲ್ಲ. ವಿಚಾರಣೆ ನಡೆದ ಆ ಕೋಟೆ ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯದು. ನೆಲಮಾಳಿಗೆಯಲ್ಲಿ ಮನುಷ್ಯರನ್ನು ಕೂಡಿಹಾಕುತ್ತಿದ್ದ ಜಾಗ. ಆ ಅರವತ್ತು ಚಿಲ್ಲರೆ ಜನರನ್ನು ಗುಲಾಮರನ್ನಾಗಿ ಮಾರಿದರು.