ಲಿವರ್‌ನಲ್ಲಿ ಕೂತ ತಾಮ್ರ

ಕೇಳುಗರೇ, ನಮಸ್ಕಾರ.

ತಾಮ್ರದ ಚೊಂಬಿಗೆ ಕಿಲುಬು ಹಿಡಿದರೆ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ, ಅಲ್ವಾ? ಅದೇ ತಾಮ್ರ ಲಿವರ್ ಒಳಗೆ ಕೂತರೆ ಏನು ಮಾಡೋದು?

ವಿಲ್ಸನ್ ಕಾಯಿಲೆಯಲ್ಲಿ ಹೀಗಾಗುತ್ತದೆ. ಊಟದಲ್ಲಿ ಬಂದ ತಾಮ್ರ ಜಾಸ್ತಿಯಾದರೆ ಲಿವರ್ ಅದನ್ನು ಪಿತ್ತರಸದ ಜೊತೆ ಹೊರಗೆ ಹಾಕಬೇಕು. ಆ ಕೆಲಸದ ಜೀನ್ ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟೇ ಬಂದಿದ್ದರೆ ತಾಮ್ರ ಒಳಗೇ ಉಳಿಯುತ್ತದೆ. ಮೊದಲು ಲಿವರ್‌ನಲ್ಲಿ, ಆಮೇಲೆ ಮಿದುಳಿನಲ್ಲಿ. ಅಪರೂಪದ ಕಾಯಿಲೆ, ನಿಜ. ಆದರೂ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ತಾವು ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ.

ಇದಕ್ಕೆ ಪೆನಿಸಿಲಮೈನ್ ಎಂಬ ಔಷಧವನ್ನು 1956ರಲ್ಲಿ ತಂದವರು ಇಂಗ್ಲೆಂಡಿನ ವೈದ್ಯ ಜಾನ್ ವಾಲ್ಶ್. ರೋಗಿಗೆ ಕೊಡುವ ಮೊದಲು ತಾವೇ ನುಂಗಿ ನೋಡಿದ್ದರು! ಇದು ಪೆನಿಸಿಲಿನ್ ಒಡೆದಾಗ ಸಿಗುವ ವಸ್ತು. ಇದರಲ್ಲಿರುವ ಗಂಧಕ ತಾಮ್ರವನ್ನು ಹಿಡಿದುಕೊಳ್ಳುತ್ತದೆ, ಇಬ್ಬರೂ ಮೂತ್ರದಲ್ಲಿ ಹೊರಗೆ ಹೋಗುತ್ತಾರೆ.

ಹಾಗಾದರೆ ಲಿವರ್ ಪೂರ್ತಿ ಖಾಲಿಯಾಗಬೇಕಲ್ಲ? ಆಗುವುದಿಲ್ಲ. ನನಗೆ ಬಹಳ ಹಿಡಿಸುವ ಸಂಗತಿ ಇದು.

ಲಿವರ್ ಜೀವಕೋಶದಲ್ಲಿ ಮೆಟಲೋಥಯೋನೀನ್ ಎಂಬ ಪುಟಾಣಿ ಪ್ರೋಟೀನ್ ಇದೆ. ಅರವತ್ತು ಚಿಲ್ಲರೆ ಕೊಂಡಿಗಳ ಸರ. ಅದರಲ್ಲಿ ಇಪ್ಪತ್ತು ಕೊಂಡಿ ಸಿಸ್ಟೀನ್, ಅಂದರೆ ಗಂಧಕ ಇರುವಂಥವು. ಪೆನಿಸಿಲಮೈನ್ ಕೂಡ ಸಿಸ್ಟೀನ್‌ನ ದಾಯಾದಿಯೇ. ಒಂದು ಕಡೆ ಒಂದೇ ಗಂಧಕದ ಕೈ, ಇನ್ನೊಂದು ಕಡೆ ಇಪ್ಪತ್ತು ಕೈಗಳ ಬಿಗಿ ಮುಷ್ಟಿ. ಜಗ್ಗಾಟದಲ್ಲಿ ಗೆಲ್ಲೋದು ಯಾರು ಅಂತ ಹೇಳಬೇಕಿಲ್ಲ.

ತಾಮ್ರ ತುಂಬಿಕೊಳ್ಳುವ ಒಂದು ಜಾತಿಯ ಇಲಿಗಳಿವೆ. ಅವುಗಳಿಗೆ ಈ ಔಷಧ ಕೊಟ್ಟು ನೋಡಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಜೀವಕೋಶದ ಕಸದ ಚೀಲಗಳಲ್ಲಿ, ಅಂದರೆ ಲೈಸೋಸೋಮ್‌ಗಳಲ್ಲಿ, ಗಟ್ಟಿಯಾಗಿ ಕೂತಿದ್ದ ತಾಮ್ರದ ಹರಳು ಕರಗಿತ್ತು. ಮೆಟಲೋಥಯೋನೀನ್ ಹಿಡಿದಿದ್ದ ತಾಮ್ರ ಮಾತ್ರ ಹೆಚ್ಚೇನೂ ಕಡಿಮೆಯಾಗಿರಲಿಲ್ಲ. ಆದರೂ ಇಲಿಗಳ ಲಿವರ್ ಉಳಿಯಿತು! ಲಿವರ್ ಸುಡುವುದು ಆ ಹರಳಿನ ತಾಮ್ರ. ಮುಷ್ಟಿಯೊಳಗಿನದು ಸುಮ್ನೆ ಕೂತಿರುತ್ತದೆ.

ವರ್ಷಗಟ್ಟಲೆ ಮಾತ್ರೆ ನುಂಗಿ ಆರಾಮಾಗಿರುವವರ ಲಿವರ್ ಚೂರು ತೆಗೆದು ಪರೀಕ್ಷಿಸಿದರೂ ಎಷ್ಟೋ ಸಲ ತಾಮ್ರ ಜಾಸ್ತಿಯೇ ಇರುತ್ತದೆ. ಆ ಒಂದು ಅಂಕಿ ನೋಡಿ ಔಷಧ ನಾಟಲಿಲ್ಲ ಅಂದುಕೊಳ್ಳುವ ಹಾಗಿಲ್ಲ. ಬೇಸತ್ತು ಮಾತ್ರೆ ಬಿಟ್ಟವರಿಗೆ ಲಿವರ್ ಪೂರ್ತಿ ಕೈಕೊಟ್ಟಿದ್ದೂ ಇದೆ.

ಇದೇ ಪ್ರೋಟೀನನ್ನು ಬಾಗಿಲಲ್ಲೇ ಕಾವಲಿಗೆ ನಿಲ್ಲಿಸುವುದು ಸತು. ಜಿಂಕ್ ಮಾತ್ರೆ ಕೊಟ್ಟರೆ ಕರುಳಿನ ಜೀವಕೋಶಗಳು ಮೆಟಲೋಥಯೋನೀನನ್ನು ಹೆಚ್ಚು ತಯಾರಿಸುತ್ತವೆ. ಊಟದ ತಾಮ್ರ ಅಲ್ಲೇ ಸಿಕ್ಕಿಬೀಳುತ್ತದೆ. ಕೆಲವು ದಿನಕ್ಕೆ ಆ ಜೀವಕೋಶ ಉದುರಿದಾಗ ಮಲದಲ್ಲಿ ಹೋಗುತ್ತದೆ. ಎರಡೂ ಮಾತ್ರೆ ಬರೆದುಕೊಟ್ಟಿದ್ದರೆ ನಡುವೆ ಕೆಲವು ಗಂಟೆ ಬಿಡಬೇಕು. ಇಲ್ಲದಿದ್ದರೆ ಪೆನಿಸಿಲಮೈನ್ ತಾಮ್ರ ಬಿಟ್ಟು ಸತುವನ್ನೇ ಹಿಡಿದೀತು.

ಲಿವರ್ ಒಳಗೆ ಇಣುಕಲು ಆಗದು, ಆದರೆ ಕಣ್ಣು ನೋಡಬಹುದು. ಈ ಕಾಯಿಲೆಯವರಲ್ಲಿ ಅನೇಕರಿಗೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪರದೆಯ, ಅಂಚಿನಲ್ಲಿ ತಾಮ್ರ ಕೂತು ಕಂದು ಬಣ್ಣದ ಉಂಗುರ ಕಟ್ಟಿರುತ್ತದೆ. ಚಿಕಿತ್ಸೆ ಸರಿಯಾಗಿ ನಡೆದರೆ ಅದು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಾ ಮಾಸಿಹೋಗುತ್ತದೆ.

ನಮಸ್ಕಾರ.